ಒಂದೇ ಇ-ಬೀಮ್, ಹತ್ತಾರು ಬಳಕೆದಾರರು: ಸ್ಲಾಟ್ ಹಂಚುವುದು, ಪಂಪ್ ನೋಡಿಕೊಳ್ಳುವುದು

ಸ್ಪಿನ್ ಕೋಟರ್, ಮೈಕ್ರೋಸ್ಕೋಪುಗಳಿಗೆ ಗಂಟೆ ಲೆಕ್ಕದ ಬುಕಿಂಗ್ ಸಾಕು. ನಿರ್ವಾತ ಚೇಂಬರಿನಲ್ಲಿ ಇಲೆಕ್ಟ್ರಾನ್ ಗನ್ನಿನಿಂದ ಲೋಹ ಕರಗಿಸಿ, ಅದರ ಆವಿಯನ್ನು ವೇಫರಿನ ಮೇಲೆ ತೆಳು ಪದರವಾಗಿ ಕೂರಿಸುವ ಇ-ಬೀಮ್ ಇವಾಪೊರೇಟರಿಗೆ ಅದು ಹೊಂದುವುದಿಲ್ಲ. ಸೆಕೆಂಡಿಗೆ 1 ಆಂಗ್‌ಸ್ಟ್ರಾಮ್ ದರದಲ್ಲಿ 50 ನ್ಯಾನೋಮೀಟರ್ ಚಿನ್ನ ಕೂರಿಸಲು ಎಂಟೂವರೆ ನಿಮಿಷವೂ ಬೇಡ. ಉಳಿದ ಹೊತ್ತೆಲ್ಲ ಒತ್ತಡ ಇಳಿಯುವುದನ್ನು ಕಾಯುವುದೇ. ಅದಕ್ಕೇ ನಮ್ಮ ವಿಶ್ವವಿದ್ಯಾಲಯದ ಕ್ಲೀನ್‌ರೂಮಿನಲ್ಲಿ ಗಂಟೆ ಹಂಚುವುದನ್ನು ಬಿಟ್ಟು ಪಂಪ್‌ಡೌನ್ (ಬಾಗಿಲು ಮುಚ್ಚಿ ಚೇಂಬರನ್ನು ನಿರ್ವಾತಕ್ಕೆ ಇಳಿಸುವ ಒಂದು ಸರದಿ) ಹಂಚುತ್ತೇವೆ.

ನಮ್ಮನ್ನು ಕಾಯುವಂತೆ ಮಾಡುವುದು ಗಾಳಿಯಲ್ಲ, ನೀರು. ಚೇಂಬರಿನ ಗಾಳಿ ಕೆಲವೇ ನಿಮಿಷಗಳಲ್ಲಿ ಹೊರಗೆ ಹೋಗುತ್ತದೆ. ಗೋಡೆಗೆ, ಲೋಹ ಗೋಡೆಗೆ ಹತ್ತದಂತೆ ತಡೆಯುವ ಶೀಲ್ಡಿಗೆ, ವೇಫರ್ ಹೋಲ್ಡರಿಗೆ ಅಂಟಿದ ತೇವ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಬೇಕ್ ಮಾಡದ (ಬಿಸಿಮಾಡಿ ತೇವ ಓಡಿಸದ) ಚೇಂಬರಿನಲ್ಲಿ ಆ ತೇವ ಬಿಡುಗಡೆಯಾಗುವ ವೇಗ ಹೆಚ್ಚುಕಡಿಮೆ ಸಮಯಕ್ಕೆ ವಿಲೋಮವಾಗಿ ಇಳಿಯುತ್ತದೆ. ಅರ್ಧ ಗಂಟೆಗೆ 1×10⁻⁵ ಮಿಲಿಬಾರ್ ಬಂದಿದ್ದರೆ 2×10⁻⁶ ಕಾಣಲು ಎರಡೂವರೆ ಗಂಟೆ, 1×10⁻⁶ ಕಾಣಲು ಐದು ಗಂಟೆ. ಈ ಲೆಕ್ಕವನ್ನು ತರಬೇತಿಯ ಮೊದಲ ದಿನವೇ ಹೇಳಿಬಿಟ್ಟರೆ 'ಇನ್ನೂ ಎಷ್ಟು ಹೊತ್ತು ಸಾರ್' ಎಂಬ ಪ್ರಶ್ನೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಹಾಗಾಗಿ ದಿನಕ್ಕೆ ಎರಡೇ ಪಂಪ್‌ಡೌನ್. ಸಂಜೆ ಐದಕ್ಕೆ ಲೋಡ್ ಮಾಡಿ ಬೆಳಿಗ್ಗೆ ಒಂಬತ್ತಕ್ಕೆ ಲೋಹ ಹಾಕುವುದು ರಾತ್ರಿ ಸ್ಲಾಟ್. ಅಲ್ಯುಮಿನಿಯಂ, ಟೈಟಾನಿಯಂಗಳಂತೆ ಆಮ್ಲಜನಕವನ್ನು ಬೇಗ ಹಿಡಿಯುವ ಲೋಹದ ಪದರವೇ ಮುಖ್ಯವಾದವರಿಗೆ ಇದು ಮೀಸಲು. ಹನ್ನೊಂದಕ್ಕೆ ಲೋಡ್ ಮಾಡಿ ಮಧ್ಯಾಹ್ನ ಮೂರರ ಹೊತ್ತಿಗೆ ಮುಗಿಸುವುದು ಹಗಲು ಸ್ಲಾಟ್. ಪ್ಯಾಡಿಗೆ ಕ್ರೋಮಿಯಂ-ಚಿನ್ನ ಬೇಕಾದವರಿಗೆ 5×10⁻⁶ ಮಿಲಿಬಾರ್ ಧಾರಾಳ ಸಾಕು. ಎಲ್ಲರಿಗೂ ರಾತ್ರಿ ಸ್ಲಾಟೇ ಬೇಕು ಎನ್ನುತ್ತಾರೆ, ಕೊಡಬಾರದು. ಫಾರ್ಮಿನಲ್ಲಿ 'ಬೇಕಾದ ಒತ್ತಡ, ಕಾರಣ' ಎಂಬ ಕಾಲಂ ಇಟ್ಟರೆ ಬೇಡಿಕೆ ತಾನಾಗಿಯೇ ಇಳಿಯುತ್ತದೆ.

ವಾರದಲ್ಲಿ ಒಂದು ಹಗಲು ಸ್ಲಾಟ್ ಸಾಮೂಹಿಕ ರನ್ನಿಗೆ: 10 ನ್ಯಾನೋಮೀಟರ್ ಟೈಟಾನಿಯಂ, 100 ನ್ಯಾನೋಮೀಟರ್ ಚಿನ್ನ, ಹೋಲ್ಡರಿನಲ್ಲಿ ಹಿಡಿಸುವಷ್ಟು ಜನರ ತುಣುಕುಗಳು. ಚಿನ್ನದ ಖರ್ಚೂ ಹಂಚಿಹೋಗುತ್ತದೆ. ಐಎನ್‌ಯುಪಿ (ಹೊರಗಿನ ಸಂಶೋಧಕರಿಗೆ ನ್ಯಾನೋ ಲ್ಯಾಬುಗಳನ್ನು ಬಳಸಲು ಕೊಡುವ ಕೇಂದ್ರ ಸರ್ಕಾರದ ಕಾರ್ಯಕ್ರಮ) ಥರದ ಯೋಜನೆಗಳಲ್ಲಿ ಹುಬ್ಬಳ್ಳಿ, ಮಂಗಳೂರುಗಳಿಂದ ರಾತ್ರಿ ಬಸ್ಸು ಹತ್ತಿ ಬರುವವರಿಗೆ ಸೋಮವಾರದ ಸ್ಲಾಟ್ ಕೊಡಬೇಡಿ. ವಾರಾಂತ್ಯದಲ್ಲಿ ಕರೆಂಟು ಹೋಗಿ ಬಂದಿದ್ದರೆ ಅದು ಗೊತ್ತಾಗುವುದೇ ಸೋಮವಾರ ಬೆಳಿಗ್ಗೆ. ಅವರಿಗೆ ಬುಧವಾರ, ಗುರುವಾರ ಒಳ್ಳೆಯದು. ಶುಕ್ರವಾರ ಯಂತ್ರದ ದಿನ, ಬುಕಿಂಗ್ ಇಲ್ಲ. ಪ್ರಾಧ್ಯಾಪಕರು ಫೋನ್ ಮಾಡಿದರೂ ಇಲ್ಲ.

ಒಳಗೆ ಏನು ಹೋಗಬಾರದು ಎಂಬ ಪಟ್ಟಿ ಬಾಗಿಲ ಮೇಲೇ ಇರಲಿ. ಸತು, ಕ್ಯಾಡ್ಮಿಯಂ, ಹಿತ್ತಾಳೆ ಸ್ಕ್ರೂ, ಬೆಸುಗೆ ಹಾಕಿದ ತಂತಿ, ಸೆಲ್ಲೋಟೇಪ್. ಸುಮಾರು 250 ಡಿಗ್ರಿಯಲ್ಲೇ ಸತುವಿನ ಆವಿ ಒತ್ತಡ 10⁻⁴ ಟಾರ್ ಆಸುಪಾಸಿಗೆ ಬರುತ್ತದೆ. ಒಮ್ಮೆ ಶೀಲ್ಡಿನ ಮೇಲೆ ಕೂತರೆ ಮುಂದಿನ ಪ್ರತಿ ರನ್ನಿನಲ್ಲೂ ಬಿಸಿಗೆ ಎದ್ದು ಬರುತ್ತದೆ. ಟೇಪ್ ಬೇಕಿದ್ದರೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್, ಅದೂ ನಾಲ್ಕು ಮೂಲೆಗೆ ಚಿಕ್ಕ ತುಂಡು. ರೆಸಿಸ್ಟ್ (ವಿನ್ಯಾಸ ಮೂಡಿಸುವ ಪಾಲಿಮರ್ ಪದರ) ಇರುವ ವೇಫರ್ ಡೆವಲಪ್ ಆದಮೇಲೆ ಚೆನ್ನಾಗಿ ಒಣಗಿರಬೇಕು.

ಮುಂದಿನವರ ಪಂಪ್‌ಡೌನ್ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಹಿಂದಿನವರು ಬಾಗಿಲು ಎಷ್ಟು ಹೊತ್ತು ತೆರೆದಿಟ್ಟರು ಎನ್ನುವುದರ ಮೇಲಿದೆ. ಲೋಹ ಹಾಕಿ ಮುಗಿದ ತಕ್ಷಣ ವೆಂಟ್ ಮಾಡಬಾರದು (ಅನಿಲ ಬಿಟ್ಟು ಚೇಂಬರನ್ನು ಹೊರಗಿನ ಒತ್ತಡಕ್ಕೆ ತರಬಾರದು); ಲೋಹ ಕರಗಿಸುವ ಕ್ರೂಸಿಬಲ್ ತಣಿಯಲು ಇಪ್ಪತ್ತು ನಿಮಿಷ ಬಿಡಬೇಕು, ಇಲ್ಲದಿದ್ದರೆ ಬಿಸಿ ಲೋಹದ ಮೇಲೆ ಆಕ್ಸೈಡ್ ಕೂರುತ್ತದೆ. ವೆಂಟ್ ಮಾಡುವುದು ಒಣ ನೈಟ್ರೋಜನ್‌ನಿಂದ, ಬಾಗಿಲು ತೆರೆದಿರುವಾಗಲೂ ಅದು ಸಣ್ಣಗೆ ಹರಿಯುತ್ತಿರಲಿ. ಚೇಂಬರ್ ಗೋಡೆಯ ಕೊಳವೆಗೆ ತೆರೆಯುವ ಮುಂಚೆ 40 ಡಿಗ್ರಿಯ ಬಿಸಿನೀರು, ಮುಚ್ಚಿ ಪಂಪ್ ಹಿಡಿದಮೇಲೆ ತಣ್ಣೀರು. ಮಳೆಗಾಲದಲ್ಲಿ ಕ್ಲೀನ್‌ರೂಮಿನ ತೇವಾಂಶ ಸ್ವಲ್ಪ ಕೈತಪ್ಪಿದರೂ ತಣ್ಣನೆ ಗೋಡೆಯ ಮೇಲೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ, ಒಂದು ಗಂಟೆ ಹೆಚ್ಚಿಗೆ ತಿನ್ನುತ್ತದೆ. ಬಾಗಿಲು ತೆರೆದಿರಲು ಹತ್ತು ನಿಮಿಷದ ಮಿತಿ. ಗೋಡೆಗಡಿಯಾರವನ್ನು ಯಂತ್ರದ ಎದುರಿಗೇ ಹಾಕಿದ್ದೇವೆ.

ರಫಿಂಗ್‌ನಿಂದ (ರೋಟರಿ ಪಂಪ್ ಮೊದಲು ಗಾಳಿ ಎಳೆಯುವ ಹಂತ) ಕ್ರಯೋಪಂಪಿಗೆ (ಅತಿ ತಣ್ಣನೆ ಮೇಲ್ಮೈಗಳಲ್ಲಿ ಅನಿಲವನ್ನು ಹಿಡಿದಿಡುವ ಪಂಪ್) ದಾಟುವ ಒತ್ತಡ ನಮ್ಮಲ್ಲಿ 0.1 ಮಿಲಿಬಾರ್. 'ಇನ್ನಷ್ಟು ಇಳಿಯಲಿ, ಕ್ರಯೋಗೆ ಹೊರೆ ಕಡಿಮೆ' ಎಂದು ಕೆಲವರು ರೋಟರಿ ಪಂಪನ್ನೇ ಎಳೆಯಬಿಡುತ್ತಾರೆ. ಅದು ತಪ್ಪು ಲೆಕ್ಕ. ಒತ್ತಡ ತೀರಾ ಇಳಿದಾಗ ಗಾಳಿಯ ಹರಿವು ನಿಂತು ರೋಟರಿಯ ಎಣ್ಣೆ ಆವಿ ಕೊಳವೆಯಲ್ಲಿ ಹಿಮ್ಮುಖವಾಗಿ ಚೇಂಬರಿಗೆ ಬರುತ್ತದೆ. ಕ್ರಯೋಪಂಪಿನ ಒಳಗಿನ ಇದ್ದಿಲು ಎಣ್ಣೆ ಕುಡಿದರೆ ರೀಜನರೇಷನ್‌ನಿಂದಲೂ (ಪಂಪನ್ನು ಬೆಚ್ಚಗೆ ಮಾಡಿ ಹಿಡಿದದ್ದನ್ನು ಹೊರಹಾಕುವುದು) ಸರಿಹೋಗುವುದಿಲ್ಲ.

ಲಾಗ್‌ಬುಕ್ಕಿನಲ್ಲಿ ಎಷ್ಟೇ ಕಾಲಂ ಇರಲಿ, ನಾನು ಮೊದಲು ನೋಡುವುದು ಒಂದನ್ನೇ: ಕ್ರಯೋಗೆ ದಾಟಿ 30 ನಿಮಿಷಕ್ಕೆ ಇದ್ದ ಒತ್ತಡ. ಅಂತಿಮ ಒತ್ತಡ ಎಷ್ಟು ಕಾದರು ಎನ್ನುವುದನ್ನು ಹೇಳುತ್ತದೆ, ಯಂತ್ರದ ಆರೋಗ್ಯವನ್ನಲ್ಲ. 30 ನಿಮಿಷದ ಅಂಕಿ ವಾರದಿಂದ ವಾರಕ್ಕೆ ಮೆಲ್ಲಗೆ ಏರುತ್ತಿದ್ದರೆ ಶೀಲ್ಡಿನ ಮೇಲೆ ಲೋಹದ ಹೊಪ್ಪಳಿಕೆ ದಪ್ಪವಾಗಿ ನೀರು ಹೀರುತ್ತಿದೆ. ಒಂದೇ ದಿನದಲ್ಲಿ ದುಪ್ಪಟ್ಟಾದರೆ ಬಾಗಿಲಿನ ಓ-ರಿಂಗ್ ನೋಡಿ. ಹತ್ತರಲ್ಲಿ ಎಂಟು ಸಲ ಲೋಹದ ಚೂರೋ ಒಂದು ನಾರೋ ಸಿಕ್ಕಿಕೊಂಡಿರುತ್ತದೆ. ನಾರು ಬಿಡದ ವೈಪ್‌ಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿದರೆ ಮುಗಿಯಿತು. ವಿಟಾನ್ ರಬ್ಬರಿನ ಈ ರಿಂಗಿಗೆ ಗ್ರೀಸ್ ಬಳಿಯುವ ಚಪಲ ಬೇಡ, ಗ್ರೀಸ್ ಕಸ ಹಿಡಿಯುತ್ತದೆ.

ಅಷ್ಟಕ್ಕೂ ಇಳಿಯದಿದ್ದರೆ ಚೇಂಬರಿಗೂ ಪಂಪಿಗೂ ನಡುವಿನ ಗೇಟ್ ವಾಲ್ವ್ ಮುಚ್ಚಿ ಹತ್ತು ನಿಮಿಷ, ನಿಮಿಷಕ್ಕೊಮ್ಮೆ ಒತ್ತಡ ಬರೆದುಕೊಳ್ಳಬೇಕು. ಗೆರೆ ನೇರವಾಗಿ ಏರುತ್ತಲೇ ಹೋದರೆ ಸೋರಿಕೆ. ಏರಿ ಬಾಗಿ ಮಟ್ಟವಾಗುತ್ತ ಬಂದರೆ ತೇವ. ಸೋರಿಕೆಯ ಗಾತ್ರಕ್ಕೆ ಚೇಂಬರಿನ ಲೀಟರನ್ನು ಒತ್ತಡದ ಏರಿಕೆಯಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದರಾಯಿತು. 100 ಲೀಟರ್ ಚೇಂಬರಿನಲ್ಲಿ 100 ಸೆಕೆಂಡಿಗೆ 10⁻³ ಮಿಲಿಬಾರ್ ಏರಿದರೆ ಸೋರಿಕೆ ಸೆಕೆಂಡಿಗೆ 10⁻³ ಮಿಲಿಬಾರ್-ಲೀಟರ್. ಹೀಲಿಯಂ ಹಿಡಿದು ಹುಡುಕುವಾಗ ಮೇಲಿನಿಂದ ಶುರು ಮಾಡಿ ಕೆಳಗೆ ಬನ್ನಿ, ಅದು ಹಗುರ, ಮೇಲಕ್ಕೇ ಏರುತ್ತದೆ. ಊದಿದ ಕೂಡಲೇ ಡಿಟೆಕ್ಟರ್ ಎದ್ದರೆ ಸೋರಿಕೆ. ಕೆಲವು ನಿಮಿಷ ಬಿಟ್ಟು ನಿಧಾನಕ್ಕೆ ಎದ್ದರೆ ಅದು ರಬ್ಬರಿನ ಮೂಲಕ ಇಂಗಿ ಬಂದ ಹೀಲಿಯಂ, ಅದರ ಹಿಂದೆ ಓಡಬೇಡಿ. ಈ ಹುಡುಕಾಟದ ಹೊತ್ತಿಗೆ ಕ್ರಯೋ ವಾಲ್ವ್ ಮುಚ್ಚಿರಲಿ, ಕ್ರಯೋಪಂಪಿಗೆ ಹೀಲಿಯಂ ದಕ್ಕುವುದಿಲ್ಲ.

ಕರೆಂಟು ಹೋಗಿ ಬಂದಾಗ ನೋಡಬೇಕಾದ್ದು ಕ್ರಯೋಪಂಪಿನ ಎರಡನೇ ಹಂತದ ತಾಪ. ಸಾಮಾನ್ಯವಾಗಿ ಅದು 10ರಿಂದ 15 ಕೆಲ್ವಿನ್. 20ರೊಳಗಿದ್ದರೆ ಕಂಪ್ರೆಸರ್ ಮತ್ತೆ ಹಾಕಿ ಕಾಯಬಹುದು. ದಾಟಿದ್ದರೆ ಪೂರ್ತಿ ರೀಜನರೇಷನ್: ಬೆಚ್ಚನೆ ಒಣ ನೈಟ್ರೋಜನ್ ಹರಿಸಿ ಕೋಣೆಯ ತಾಪಕ್ಕೆ ತಂದು, ರಫ್ ಮಾಡಿ, ಒತ್ತಡ ಏರದೆ ನಿಲ್ಲುತ್ತದೆಯೇ ನೋಡಿ, ಆಮೇಲೆ ತಣಿಸುವುದು. ಅರ್ಧ ಬೆಚ್ಚಗಾದ ಪಂಪನ್ನು ಹಾಗೇ ಮತ್ತೆ ತಣಿಸಿದರೆ ಮೊದಲ ಹಂತದಲ್ಲಿದ್ದ ನೀರು ಇದ್ದಿಲಿಗೆ ಹೋಗಿ ಕೂತು ಹೈಡ್ರೋಜನ್ ಹಿಡಿಯುವ ಶಕ್ತಿ ಕುಂದುತ್ತದೆ. ಆ ದಿನದ ಎರಡೂ ಸ್ಲಾಟ್ ಹೋಗುತ್ತವೆ, ವಾದ ಬೇಡ.

ಶುಕ್ರವಾರದ ಕೆಲಸಗಳು ಬೇಸರದವೇ. ರೋಟರಿಯ ಕಿಟಕಿಯಲ್ಲಿ ಎಣ್ಣೆ ನೋಡುವುದು: ಮಜ್ಜಿಗೆಯಂತಾದರೆ ನೀರು ಸೇರಿದೆ, ಗ್ಯಾಸ್ ಬ್ಯಾಲಸ್ಟ್ (ಪಂಪಿಗೆ ಸ್ವಲ್ಪ ಗಾಳಿ ಬಿಟ್ಟು ನೀರಾವಿ ಹೊರಹಾಕುವ ಕವಾಟ) ತೆರೆದು ಅರ್ಧ ಗಂಟೆ ಓಡಿಸಬೇಕು, ಕಪ್ಪಾದರೆ ಬದಲಿಸಬೇಕು. ದಪ್ಪ ಅಳೆಯುವ 6 ಮೆಗಾಹರ್ಟ್ಸ್ ಕ್ರಿಸ್ಟಲ್ ಪೂರ್ತಿ ಸಾಯುವ ತನಕ ಕಾಯಬೇಡಿ. ರನ್ನಿನ ನಡುವೆ ಕೈಕೊಟ್ಟರೆ ದರದ ಅಂಕಿ ಕುಣಿದು ಗನ್ನಿನ ಪವರ್ ಎಲ್ಲೆಲ್ಲಿಗೋ ಹೋಗುತ್ತದೆ. ಟೂಲಿಂಗ್ (ಕ್ರಿಸ್ಟಲ್ ಅಳತೆಯನ್ನು ವೇಫರಿನ ನಿಜ ದಪ್ಪಕ್ಕೆ ಹೊಂದಿಸುವ ಶೇಕಡಾ ಅಂಕಿ) ಪರೀಕ್ಷೆಯೂ ಆವತ್ತೇ: ಪರದೆ 100 ಎಂದಾಗ ಪದರದ ನಿಜ ದಪ್ಪ ಅಳೆಯುವ ಪ್ರೊಫೈಲೋಮೀಟರ್ 92 ತೋರಿಸಿದರೆ, 140 ಇದ್ದ ಟೂಲಿಂಗ್ 128.8 ಆಗಬೇಕು. ಅಲ್ಯುಮಿನಿಯಂ ತುಂಬುವ ಲೈನರನ್ನು (ಲೋಹ ಹಿಡಿಯುವ ಬಟ್ಟಲು) ಮಾತ್ರ ಪ್ರತಿ ವಾರ ಎತ್ತಿ ನೋಡಿ. ಕರಗಿದ ಅಲ್ಯುಮಿನಿಯಂ ಗೋಡೆ ಹತ್ತಿ ಹೊರಗೆ ಇಳಿದು ಬಟ್ಟಲನ್ನು ಹಿಡಿದಿರುವ, ನೀರಿನಿಂದ ತಣಿಸುವ ತಾಮ್ರದ ಹಾರ್ತಿಗೆ ತಾಗಿದರೆ ಶಾಖವೆಲ್ಲ ತಣ್ಣೀರಿಗೆ ಹೋಗುತ್ತದೆ, ಅದೇ ಪವರಿಗೆ ದರ ಬರುವುದಿಲ್ಲ. ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಪವರನ್ನು ಒಮ್ಮೆಲೇ ಇಳಿಸಬಾರದು.

ಬೀರುವಿನಲ್ಲಿ ಯಾವಾಗಲೂ ಇರಬೇಕಾದ್ದು: ಗನ್ ಫಿಲಮೆಂಟ್ ಎರಡು, ಕ್ರಿಸ್ಟಲ್ ಒಂದು ಡಬ್ಬಿ, ಬಾಗಿಲಿನ ಓ-ರಿಂಗ್ ಒಂದು, ಪ್ರತಿ ಲೋಹಕ್ಕೆ ಒಂದು ಲೈನರ್, ಅಳತೆಗೆ ತಕ್ಕ ತಾಮ್ರದ ಗ್ಯಾಸ್ಕೆಟ್‌ಗಳು. ಗ್ಯಾಸ್ಕೆಟ್ ಒಮ್ಮೆ ಬಿಗಿದರೆ ಮತ್ತೆ ಬರುವುದಿಲ್ಲ. ಇವುಗಳಲ್ಲಿ ಬಹುಪಾಲು ಹೊರದೇಶದಿಂದ ಬರುವಂಥವು. ಖರೀದಿ ಫೈಲು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಫಿಲಮೆಂಟ್ ಸುಟ್ಟರೆ ಮೊದಲು ಹೈವೋಲ್ಟೇಜ್ ಕೀಲಿ ತೆಗೆದು ಜೇಬಿಗೆ, ಆಮೇಲೆ ರಾತ್ರಿ ಸ್ಲಾಟಿನವರಿಗೆ ಫೋನ್, ಆಮೇಲೆ ವೆಂಟ್. ಚೇಂಬರ್ ತೆರೆದಮೇಲೂ ಅರ್ಥಿಂಗ್ ಕೋಲನ್ನು ಗನ್ನಿಗೆ ತಾಗಿಸದೆ ಕೈ ಹಾಕುವಂತಿಲ್ಲ.