ಕ್ಲಿಕ್ ಆಫ್ ಮಾಡಿದ ಮೇಲೆ ಕ್ವಾಯರ್ ಹಾಡಿತು

ಚರ್ಚಿನ ಕ್ವಾಯರ್, ಅಂದರೆ ಗುಂಪಾಗಿ ಹಾಡುವವರನ್ನು, ಸೇರಿಸಿ ಮಾಡಿದ ನನ್ನ ಕನ್ನಡ ರ‍್ಯಾಪ್ ಹಾಡು ಹೊರಗೆ ಬಂದು ನಾಲ್ಕು ತಿಂಗಳಾಯಿತು. "ರ‍್ಯಾಪಿಗೆ ಚರ್ಚಿನ ಕ್ವಾಯರ್ ಹಾಕ್ತೀ? ಭಜನಿ ಆಗ್ತದ ನೋಡಲೇ" ಅಂದಿದ್ದ ಗೆಳೆಯರೇ ಈಗ ಪ್ರಾಜೆಕ್ಟ್ ಫೈಲ್ ಕೇಳುತ್ತಿದ್ದಾರೆ. ಫೈಲ್ ಕೊಡುವುದಿಲ್ಲ. ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದೇ. ಹಳೇ ಅಮೆರಿಕನ್ ಗಾಸ್ಪೆಲ್ (ಅಲ್ಲಿನ ಕಪ್ಪು ಜನರ ಚರ್ಚಿನ ಹಾಡು) ರೆಕಾರ್ಡಿನ ಎರಡು ಬಾರ್, ಅಂದರೆ ತಾಳದ ಎರಡು ಸುತ್ತು, ಕತ್ತರಿಸಿ, ಪಿಚ್ ಏರಿಸಿ, ಮತ್ತೆ ಮತ್ತೆ ತಿರುಗುವ ಲೂಪ್ ಮಾಡಿದೆ. ಮೂರೇ ದಿನಕ್ಕೆ ಕಾಪಿರೈಟ್ ಕ್ಲೇಮ್ ಬಂತು. ಬಂದಿದ್ದೇ ಒಳ್ಳೆಯದಾಯಿತು. ಅಮೆರಿಕದ ರ‍್ಯಾಪರ್ ಕಾನ್ಯೆ ವೆಸ್ಟ್ 2004ರ ‘ಜೀಸಸ್ ವಾಕ್ಸ್’ನಲ್ಲಿ ಬಳಸಿದ್ದು ಹಾರ್ಲೆಮ್‌ನ ಎಆರ್‌ಸಿ ಕ್ವಾಯರಿನ ದನಿ. ಚಟ ಬಿಡಿಸುವ ಕೇಂದ್ರದವರ ಕ್ವಾಯರ್ ಅದು. ಆ ಗಂಟಲುಗಳ ಹಿಂದೆ ಒಂದು ಕಥೆ ಇದೆ. ನನ್ನ ಲೂಪಿನ ಮೇಲೆ ಕನ್ನಡದಲ್ಲಿ ದೇವರನ್ನು ಕರೆದರೆ ಡಬ್ಬಿಂಗ್ ಸಿನಿಮಾ ಕೇಳಿದ ಹಾಗಿತ್ತು, ಅಷ್ಟೇ.

ಆಮೇಲೆ ನಮ್ಮ ಚರ್ಚಿನ ಕ್ವಾಯರನ್ನೇ ಹಿಡಿದೆ. ಹನ್ನೆರಡು ಜನ. ನಮ್ಮವ್ವ ಆಲ್ಟೊ, ಅಂದರೆ ಹೆಂಗಸರ ತಗ್ಗು ದನಿ. ಸ್ಟುಡಿಯೋ ಗಂಟೆಗೆ 800, ಆರು ಗಂಟೆ ತಗೊಂಡೆ. ಎಲ್ಲರ ಕಿವಿಗೂ ಹೆಡ್‌ಫೋನ್, ಅದರಲ್ಲಿ ತಾಳ ಹಿಡಿಸುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್, ನಿಮಿಷಕ್ಕೆ 72ಕ್ಕೆ. ನಲವತ್ತು ವರ್ಷ ಚರ್ಚಿನಲ್ಲಿ ಹಾಡಿದ ಆಂಟಿಯರು ರೇಷನ್ ಕ್ಯೂನಲ್ಲಿ ನಿಂತವರ ಹಾಗೆ ಹಾಡಿದರು. ತಾಳ ತಪ್ಪಲಿಲ್ಲ, ಜೀವವೂ ಇರಲಿಲ್ಲ. ಹತ್ತಿರ ಹತ್ತಿರ ಐದು ಸಾವಿರ ಹೋಯಿತು. ಒಂದು ಬಾರ್ ಕೂಡ ಉಪಯೋಗಕ್ಕೆ ಬರಲಿಲ್ಲ.

ಅವತ್ತು ಇನ್ನೊಂದು ಗೊತ್ತಾಯಿತು. ಹುಕ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಸಾಲಿನಲ್ಲಿ, ‘ರಕ್ಷಕ’ ಅಂತ ಬರೆದಿದ್ದೆ. ಹನ್ನೆರಡು ಬಾಯಿಂದ ‘ಕ್ಷ’ ಹನ್ನೆರಡು ಸಲ ಬರುತ್ತದೆ, ಒಂದರ ಹಿಂದೆ ಒಂದು, ಜೀರಿಗೆ ಚಟಪಟ ಸಿಡಿದ ಹಾಗೆ. ರಿವರ್ಬ್ (ಗುಂಗುಡುವ ಪ್ರತಿಧ್ವನಿ) ಹಾಕಿದರೆ ಇನ್ನೂ ರಾಡಿ. ಒತ್ತಕ್ಷರ ಇರುವ ಮಾತೆಲ್ಲ ತೆಗೆದು ರ‍್ಯಾಪ್ ಭಾಗಕ್ಕೆ ಹಾಕಿದೆ. ಅಲ್ಲಿ ಅವು ಡ್ರಮ್ಮಿನ ಕೆಲಸ ಮಾಡುತ್ತವೆ. ಕ್ವಾಯರಿಗೆ ಉಳಿದದ್ದು ‘ಕಾಯೋ’, ‘ಬಾರೋ’ ಅಷ್ಟೇ. ಕೊನೆಯ ಸ್ವರವನ್ನು ಎಷ್ಟು ಬೇಕಾದರೂ ಎಳೆಯಬಹುದು.

ಮೂರನೇ ಸಲ ಚರ್ಚಿನಲ್ಲೇ ಮಾಡಿದೆ, ಭಾನುವಾರ ಆರಾಧನೆ ಮುಗಿದ ಮೇಲೆ. ಹೆಡ್‌ಫೋನ್ ಇಲ್ಲ, ಕ್ಲಿಕ್ ಇಲ್ಲ. ಎರಡು ಮೈಕ್ ಕಡ ತಂದದ್ದು, ಇನ್ನೊಂದು ನಾನೇ ಕೊಂಡ ಸೆಕೆಂಡ್ ಹ್ಯಾಂಡ್ ಕಂಡೆನ್ಸರ್ ಮೈಕ್, ಒಂಬತ್ತು ಸಾವಿರವೋ ಏನೋ. ಫ್ಯಾನ್ ಬಂದ್. ಅವ್ವ ಸೊಲ್ಲೆತ್ತಿದಳು, ಉಳಿದವರು ಹಿಡಿದರು. ಎರಡನೇ ಟೇಕಿಗೆ ಒಬ್ಬ ಆಂಟಿ ತಾವಾಗಿಯೇ ಚಪ್ಪಾಳೆ ಶುರು ಮಾಡಿದರು. ಅದೇ ಟೇಕ್ ಹಾಡಿನಲ್ಲಿದೆ. ಶುರುವಾಗುವಾಗ 70ರ ಆಸುಪಾಸು, ಮುಗಿಯುವಾಗ 77 ಇರಬೇಕು. "ಗ್ರಿಡ್ ಬಿಟ್ರ ಬೀಟ್ ಹಾಳಾಗ್ತದ" ಅಂತ ನಮ್ಮ ಮಿಕ್ಸಿಂಗ್ ಹುಡುಗ ಗೋಳಾಡಿದ. ಗ್ರಿಡ್ ಅಂದರೆ ಕಂಪ್ಯೂಟರಿನ ಸಮ ಅಳತೆಯ ತಾಳದ ಗೆರೆಗಳು. ನಾನು ಕ್ವಾಯರನ್ನು ಮುಟ್ಟಲಿಲ್ಲ. ಅದರಿಂದಲೇ ಟೆಂಪೋ ಮ್ಯಾಪ್, ಅಂದರೆ ವೇಗ ಎಲ್ಲೆಲ್ಲಿ ಎಷ್ಟು ಅನ್ನುವ ಲೆಕ್ಕ, ತೆಗೆದು ಕಿಕ್, ಸ್ನೇರ್, ಹ್ಯಾಟ್ ಅನ್ನುವ ಡ್ರಮ್ಮುಗಳನ್ನೆಲ್ಲ ಅದರ ಹಿಂದೆ ಓಡಿಸಿದೆ. ಮೂರು ರಾತ್ರಿ ಹಿಡಿಯಿತು. ಕೊನೆಯ ವ್ಯಾಂಪ್, ಅಂದರೆ ಒಂದೇ ಸಾಲು ಮತ್ತೆ ಮತ್ತೆ ಬರುವ ಭಾಗ, ಬಿಸಿಯೇರುವುದು ಆ ಓಟದಿಂದಲೇ. ಚಪ್ಪಾಳೆಯನ್ನು ಅಷ್ಟು ದಪ್ಪ ಹೇಗೆ ಮಾಡಿದೆ ಅಂತ ತುಂಬಾ ಜನ ಕೇಳಿದ್ದಾರೆ. ಅದು ನನ್ನಲ್ಲೇ ಇರಲಿ.

ನಮ್ಮ ಕ್ವಾಯರ್ ಹಾಡುವುದು ನಾಲ್ಕು ಪಾರ್ಟ್, ಅಂದರೆ ನಾಲ್ಕು ಬಗೆಯ ದನಿ. ಗಾಸ್ಪೆಲ್ ಕ್ವಾಯರಿನಲ್ಲಿ ಸಾಮಾನ್ಯವಾಗಿ ಮೂರೇ: ಸೊಪ್ರಾನೊ (ಹೆಂಗಸರ ಎತ್ತರದ ದನಿ), ಆಲ್ಟೊ, ಟೆನರ್ (ಗಂಡಸರ ಎತ್ತರದ ದನಿ). ಗಂಡಸರ ತಗ್ಗಿನ ಬೇಸ್ ಇರುವುದಿಲ್ಲ. ಕೆಳಗೆ 808, ಅಂದರೆ ಡ್ರಮ್ ಮಷೀನಿನ ಗುಡುಗುವ ಸದ್ದು, ಇರುವಾಗ ಬೇಸ್ ದನಿ ಸೇರಿದರೆ ಗುಂಯ್ ಅನ್ನುತ್ತದೆ. ಇಬ್ಬರು ಬೇಸ್ ಅಂಕಲ್‌ಗಳ ದನಿಯನ್ನು ಮಿಕ್ಸಿನಲ್ಲಿ ಆದಷ್ಟು ತಗ್ಗಿಸಿದೆ. ಹಾಡು ಬಂದ ಮೇಲೆ ಗೊತ್ತಾಗಿ ಒಂದು ವಾರ ಮಾತು ಬಿಟ್ಟರು.

ರೆಕಾರ್ಡಿಂಗಿಗೂ ಮೊದಲು ಚರ್ಚಿನ ಹಿರಿಯರನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟ ಆಗಿತ್ತು. "ಇದು ಡಿಸ್ಕೋ" ಅಂದರು. ಥಾಮಸ್ ಡಾರ್ಸಿ ಕಥೆ ಹೇಳಿದೆ: ‘ಜಾರ್ಜಿಯಾ ಟಾಮ್’ ಅನ್ನೋ ಹೆಸರಲ್ಲಿ ಪೋಲಿ ಬ್ಲೂಸ್ ನುಡಿಸುತ್ತಿದ್ದವನು, ಶಿಕಾಗೋದ ಎಷ್ಟೋ ಚರ್ಚುಗಳು ಮೊದಲು ಅವನನ್ನು ದೂರ ಇಟ್ಟವು, 1932ರಲ್ಲಿ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಕ್ವಾಯರ್ ನಡೆಸಿದ, ಇವತ್ತು ಗಾಸ್ಪೆಲ್‌ನ ಪಿತಾಮಹ ಅವನೇ. "ಅವ ಶಿಕಾಗೋದಾಂವ, ನೀ ಧಾರವಾಡದಾಂವ" ಅಂದರು. ಕೊನೆಗೆ ಕೆಲಸಕ್ಕೆ ಬಂದವರು ಕಿಟೆಲ್. ನಿಘಂಟಿನ ಕಿಟೆಲ್ ಅವರೇ. ಜರ್ಮನಿಯಿಂದ ಬಂದ ಪಾದ್ರಿ 1862ರಲ್ಲಿ ಏಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದು ‘ಕಥಾಮಾಲೆ’ ಮಾಡಬಹುದಾದರೆ ನಾನು ರ‍್ಯಾಪ್ ಮಾಡಬಾರದಾ ಅಂದೆ. ಹಿರಿಯರು ನಕ್ಕರು. ಚರ್ಚಿನ ಕೀಲಿ ಕೊಟ್ಟರು.

ಆ ಗುಂಗಿನಲ್ಲಿ ಭಾಮಿನಿ ಷಟ್ಪದಿಯಲ್ಲೂ ಒಂದು ವರ್ಸ್ ಬರೆದೆ. ಮೂರು-ನಾಲ್ಕರ ಲೆಕ್ಕ, ಅಂದರೆ ಏಳು. ನಾಲ್ಕರ ಲೆಕ್ಕದ (4/4) ಬೀಟಿನ ಮೇಲೆ ಅದು ಜಾರುತ್ತಾ ಹೋಗಿ 28ನೇ ಮಾತ್ರೆಗೆ ಬಂದು ಕೂಡುತ್ತದೆ. ಕೂಡಿದಾಗ ಮಜಾ, ಅಲ್ಲಿಯವರೆಗೆ ಯಾರ ತಲೆಯೂ ಆಡಲಿಲ್ಲ. ಬೀಟನ್ನೇ ಏಳಕ್ಕೆ ತಿರುಗಿಸಿದರೆ ಯಕ್ಷಗಾನ ಆಯಿತು. ಕೈಬಿಟ್ಟೆ. ವಚನದ ಲಯ ರ‍್ಯಾಪಿಗೆ ಇದಕ್ಕಿಂತ ಸಲೀಸು, ಲೆಕ್ಕದ ಕಾಟ ಇಲ್ಲ.

ಖರ್ಚು ಎಲ್ಲ ಸೇರಿ 22-23 ಸಾವಿರ. ಅದರಲ್ಲಿ ಮೂರು ಭಾನುವಾರದ ಗಿರಮಿಟ್ಟು, ಮಿರ್ಚಿ, ಚಹಾ ಎರಡೂವರೆ ಸಾವಿರ. ಸ್ಟ್ರೀಮಿಂಗಿನಿಂದ ಬಂದದ್ದು 1,100. ಒಂದು ಕಾಲೇಜ್ ಫೆಸ್ಟ್, ಎರಡು ಯುವಜನ ಕೂಟ ಸೇರಿ 18 ಸಾವಿರ ಕೊಟ್ಟವು. ಲಾಭ ಇಲ್ಲ, ಆದರೆ ಮೈಕ್ ನನ್ನದಾಯಿತು.

ಬೇಸ್ ಅಂಕಲ್‌ಗಳು ಈಗ ರಾಜಿಯಾಗಿದ್ದಾರೆ. ಮುಂದಿನ ಹಾಡಿನಲ್ಲಿ 808 ಇರಬಾರದು ಅನ್ನುವುದು ಅವರ ಷರತ್ತು. ಅರ್ಧ ಬೀಟ್ ಆಗಿದೆ.