ಹತ್ತು ನಿಮಿಷದ ಡಮಾಮಿಯಿಂದ ಒಂದೂವರೆ ಗಂಟೆಯ ನಾಟಕಕ್ಕೆ

ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ತಂಡ ಅಂದ ಕೂಡಲೇ ಸಂಘಟಕರು ಹೇಳುವುದು ಒಂದೇ ಮಾತು: "ಹತ್ತು ನಿಮಿಷ ಡಮಾಮಿ ಕುಣಿದುಬಿಡ್ರಿ, ಸಾಕು." ಡಮಾಮಿ ಎಂದರೆ ನಮ್ಮ ಚರ್ಮವಾದ್ಯ, ಅದರ ತಾಳಕ್ಕೆ ಕುಣಿಯುವ ಕುಣಿತಕ್ಕೂ ಅದೇ ಹೆಸರು. ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಿಳಿ ಚುಕ್ಕೆ, ಮೆರವಣಿಗೆಯಲ್ಲಿ ಒಂದು ಸಾಲು. ಪೂರ್ತಿ ನಾಟಕ ಆಡುತ್ತೇವೆ, ಡಮಾಮಿ ಕೊನೆತನಕ ನುಡಿಯುತ್ತದೆ, ಮೈಕ್ ಬೇಡ ಎಂದಾಗ ರಂಗಭೂಮಿಯ ಗೆಳೆಯರೂ ತಲೆ ಅಲ್ಲಾಡಿಸಿದರು. ಈಗ ಹದಿನೆಂಟೋ ಇಪ್ಪತ್ತೋ ಪ್ರದರ್ಶನ ಆಗಿವೆ. ಕಡೆಯ ಸಾಲಿನವರಿಗೂ ಮಾತು ಕೇಳಿಸಿದೆ. ಸೊಪ್ಪು ಕಟ್ಟಿಲ್ಲ, ಚುಕ್ಕೆ ಇಟ್ಟಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳಿಗೆ ನಾಟಕ ಹೊಸದಲ್ಲ. ರಂಗನಿರ್ದೇಶಕ ಚಿದಂಬರರಾವ್ ಜಂಬೆಯವರು 80ರ ದಶಕದಲ್ಲೇ ಮಂಚಿಕೇರಿಯಲ್ಲಿ ನೈಜೀರಿಯಾದ ಲೇಖಕ ಚಿನುವಾ ಅಚೆಬೆಯ ಕಾದಂಬರಿ ಆಧರಿಸಿದ ನಾಟಕವನ್ನು ಸಿದ್ದಿಗಳಿಂದಲೇ ಆಡಿಸಿದ್ದರು. ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತು ಬಂದ ಸಿದ್ದಿ ನಟನಟಿಯರೂ ಇದ್ದಾರೆ. ಕೊರತೆ ಇರುವುದು ಪ್ರತಿಭೆಯದಲ್ಲ, ಕೂಲಿ ಬಿಟ್ಟು ತಾಲೀಮಿಗೆ ಬರುವ ಅನುಕೂಲದ್ದು.

ಮೊದಲ ವರ್ಷ ಎಲ್ಲರೂ ಮಾಡುವಂತೆ 20 ದಿನದ ವಸತಿ ಶಿಬಿರ ಇಟ್ಟೆವು. ಊಟ, ವಸತಿ, ಸಾಮಾನು ಸೇರಿ 1.2 ಲಕ್ಷದ ಹತ್ತಿರ ಹೋಯಿತು. ಎಂಟನೇ ದಿನಕ್ಕೆ ಅರ್ಧ ಜನ ಇರಲಿಲ್ಲ, ಏಕೆಂದರೆ ಅಡಿಕೆ ಕೊಯ್ಲು ಶುರುವಾಗಿತ್ತು. ಎರಡನೇ ಸಲ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಮೇ ನಡುವಿನ ತನಕ, ಹಾಡಿಯಲ್ಲೇ ವಾರಕ್ಕೆ ಮೂರು ರಾತ್ರಿ, ಏಳರಿಂದ ಒಂಬತ್ತೂವರೆ. 14 ಜನ, 42 ರಾತ್ರಿ, ತಲೆಗೆ ರಾತ್ರಿಗೆ 150 ರೂಪಾಯಿ: ಒಟ್ಟು 88 ಸಾವಿರ. ಶಿಬಿರಕ್ಕಿಂತ ಅಗ್ಗ, ಮತ್ತು ಒಬ್ಬರೂ ಬಿಟ್ಟು ಹೋಗಲಿಲ್ಲ. ತಂಡದಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಹೀಗೆ ಮೂರೂ ಧರ್ಮದ ಸಿದ್ದಿಗಳು ಇರುವುದರಿಂದ ರಂಜಾನ್ ತಿಂಗಳಲ್ಲಿ ತಾಲೀಮು ಒಂದೂವರೆ ಗಂಟೆ ತಡವಾಗಿ ಶುರು. ಕ್ಯಾಲೆಂಡರ್ ಮೊದಲೇ ನೋಡಿಕೊಳ್ಳಿ.

ಹಸ್ತಪ್ರತಿ ಹಂಚಲಿಲ್ಲ. ದೃಶ್ಯವನ್ನು ಮೊದಲು ಹೆಚ್ಚಿನವರ ಮನೆಮಾತಾದ ಕೊಂಕಣಿಯಲ್ಲಿ ಆಡಿಸಿ, ಮೈಗೆ ಹತ್ತಿದ ಮೇಲೆ ಕನ್ನಡಕ್ಕೆ ತಂದೆವು. ನೇರ ಕನ್ನಡದಲ್ಲಿ ಕೊಟ್ಟಾಗ ಮಾತು ಪಾಠ ಒಪ್ಪಿಸಿದಂತಾಗುತ್ತಿತ್ತು.

ಮಾತಿನ ಮೇಲೆ ಡಮಾಮಿ ಬಿದ್ದರೆ ಮಾತು ಸತ್ತಿತು. ಕಾಲರ್ ಮೈಕ್ ಬಾಡಿಗೆ ತಂದೆವು, ದಿನಕ್ಕೆ ಏಳು ಸಾವಿರ. ವಾದ್ಯದ ಸದ್ದೇ ಮೈಕಿಗೆ ನುಗ್ಗಿ ಎಲ್ಲ ಗವ್ವೆಂದಿತು. ಆಮೇಲೆ ಹಿಡಿದ ದಾರಿ ಇದು: ಮಾತು ಮುಗಿದ ಉಸಿರಿನಲ್ಲಿ ಡಮಾಮಿ ಉತ್ತರ ಕೊಡಬೇಕು, ಮಾತಿನ ಜೊತೆ ಓಡಬಾರದು. ನಟನಿಗೆ ಸೂಚನೆ, ದೃಶ್ಯ ಬದಲು, ದೀಪ ಇಳಿಸುವುದು ಎಲ್ಲ ಪೆಟ್ಟಿನ ಲೆಕ್ಕದಲ್ಲೇ. ಒಟ್ಟು ಒಂಬತ್ತು ಬಗೆಯ ಪೆಟ್ಟು. ಗದ್ದಲದ ಸಭೆಯನ್ನು ತಣ್ಣಗಾಗಿಸುವ ಪೆಟ್ಟು ಒಂದಿದೆ, ಅದು ತಂಡದಲ್ಲೇ ಇರಲಿ. ವಾದ್ಯವನ್ನು ನಡುವೆ ಇಡಬೇಡಿ. ರಂಗದ ಎಡ ಹಿಂಬದಿಯಲ್ಲಿ, ಗೋಣಿ ಮಡಚಿ ಅದರ ಮೇಲೆ ಇಡಿ. ಬರಿ ಹಲಗೆಯ ಮೇಲಿಟ್ಟರೆ ಇಡೀ ವೇದಿಕೆ ಗುಮ್ಮೆನ್ನುತ್ತದೆ.

ತಗಡಿನ ಚಾವಣಿಯ ಸಮುದಾಯ ಭವನದಲ್ಲಿ ಸದ್ದು ತಿರುಗಿ ಹೊಡೆಯಿತು. ಮನೆಯಲ್ಲಿದ್ದ ನಾಲ್ಕು ಕವಂದಿ ತಂದು ವಾದ್ಯದ ಹಿಂದಿನ ಗೋಡೆಗೆ ತೂಗುಹಾಕಿದೆವು. ಹಳೆ ಬಟ್ಟೆ ಪದರ ಪದರವಾಗಿ ಹೊಲಿದದ್ದು ಸದ್ದನ್ನು ಚೆನ್ನಾಗಿ ಕುಡಿಯುತ್ತದೆ. ಅವನ್ನೇ ನಟರ ಹಿಂದಿನ ಪರದೆ ಮಾಡಿದ್ದು ಮಾತ್ರ ತಪ್ಪಾಯಿತು. ಅಷ್ಟು ಬಣ್ಣದ ನಡುವೆ ಮುಖ ಕಳೆದುಹೋಯಿತು.

ಚರ್ಮದ ವಿಷಯ. ಹಿಂದೆ ಜಿಂಕೆ ಚರ್ಮ ಕಟ್ಟುತ್ತಿದ್ದರು, 1972ರ ವನ್ಯಜೀವಿ ಕಾಯ್ದೆಯ ಮೇಲೆ ಆಡಿನದೇ ಗತಿ. ರಾತ್ರಿ ಪೂರ್ತಿ ನೆನೆಸಿ, ನೆರಳಲ್ಲೇ ಒಣಗಿಸಬೇಕು. ಬಿಸಿಲಿಗಿಟ್ಟ ಎರಡು ಚರ್ಮ ಅಂಚಿನಲ್ಲಿ ಸೀಳಿದವು. ಬಯಲು ರಂಗದಲ್ಲಿ ಹತ್ತು ಗಂಟೆ ದಾಟಿ ಇಬ್ಬನಿ ಇಳಿದರೆ ಸದ್ದು ಜೋತುಬೀಳುತ್ತದೆ. ಒಣಹುಲ್ಲಿನ ಬೆಂಕಿಗೆ ನಾಲ್ಕು ಅಡಿ ದೂರದಲ್ಲಿ ಹಿಡಿದು, ತಿರುಗಿಸುತ್ತ ಆರೇಳು ನಿಮಿಷ ಕಾಯಿಸಿದರೆ ಬಿಗಿ ಬರುತ್ತದೆ. ಸಭಾಂಗಣದೊಳಗೆ ಬೆಂಕಿ ಬಿಡುವುದಿಲ್ಲವಲ್ಲ, ಅಲ್ಲಿಗೆ 500 ವಾಟಿನ ಹ್ಯಾಲೋಜನ್ ದೀಪವೇ ಒಲೆ, ಮೂರಡಿ ಅಂತರ. ಏಸಿ ಸಭಾಂಗಣದ್ದು ಇನ್ನೊಂದು ಕಾಟ: ಒಣ ಗಾಳಿಗೆ ಚರ್ಮ ವಿಪರೀತ ಎಳೆದುಕೊಳ್ಳುತ್ತದೆ. ಹೊರಗೆ ಕಾಯಿಸಿ ಒಳಗೆ ತಂದದ್ದು ಅರ್ಧ ಗಂಟೆಯಲ್ಲಿ ಒಡೆಯಿತು. ಈಗ ಎರಡು ತಾಸು ಮೊದಲೇ ಒಳಗಿಟ್ಟು, ಹಗ್ಗ ಒಂದು ಸುತ್ತು ಸಡಿಲಿಸಿ, ಕೊನೆಗೆ ಬಿಗಿಯುತ್ತೇವೆ. ಪ್ಲಾಸ್ಟಿಕ್ ಹಾಳೆಯೂ ಕಟ್ಟಿ ನೋಡಿದೆವು. ಮಳೆಗೂ ಜಗ್ಗಲಿಲ್ಲ, ಆದರೆ ಟಣ್ ಟಣ್ ಎನ್ನುವ ಆ ಸದ್ದು ನಟರ ಚಕಾರ ಟಕಾರಗಳನ್ನೆಲ್ಲ ನುಂಗಿತು. ಮಳೆಗಾಲದ ತಾಲೀಮಿಗಷ್ಟೇ ಇಟ್ಟುಕೊಂಡಿದ್ದೇವೆ.

ಬೆಳಕಿನದು ಎಲ್ಲಕ್ಕಿಂತ ಹೆಚ್ಚು ಕಾಡಿತು. ಪೇಟೆಯ ದೀಪದವರು ಕಪ್ಪು ಮುಖ ಕಾಣಲಿಲ್ಲವೆಂದು ಎದುರಿನ ದೀಪ ಏರಿಸುತ್ತ ಹೋದರು. ಬಿಳಿ ಅಂಗಿ ಕಣ್ಣು ಕುಕ್ಕಿತು, ಮುಖ ಇನ್ನೂ ಕತ್ತಲಾಯಿತು. ಎದುರಿನ ಬೆಳಕನ್ನು ಅರ್ಧಕ್ಕಿಳಿಸಿ, ಎರಡೂ ಪಕ್ಕದಿಂದ, ತಲೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ದೀಪ ಕೊಡಿ. ಕೆನ್ನೆಯ ಮೂಳೆ, ಮೂಗಿನ ಏಣು, ತುಟಿಯ ಅಂಚು ಗೆರೆ ಎಳೆದಂತೆ ಎದ್ದು ಬರುತ್ತವೆ. ಒಂದು ಪಕ್ಕ ತೆಳು ಅಂಬರ್, ಇನ್ನೊಂದು ಪಕ್ಕ ತೆಳು ನೀಲಿ. ಹಸಿರು ಹಾಕಿದರೆ ಚರ್ಮ ಬೂದಿಯಂತೆ ಕಾಣುತ್ತದೆ. ಮೇಕಪ್ ಪೆಟ್ಟಿಗೆಯ ಪ್ಯಾನ್‌ಕೇಕ್ ಕೂಡ ಬೂದಿ ಬಳಿದಂತೆಯೇ, ಅದನ್ನು ಮುಟ್ಟಬೇಡಿ. ಹತ್ತಾರು ಹನಿ ಕೊಬ್ಬರಿ ಎಣ್ಣೆ ಮುಖ, ಕುತ್ತಿಗೆ, ತೋಳಿಗೆ ಸವರಿ, ಹಣೆ ಮತ್ತು ಮೂಗಿನ ತುದಿಯದನ್ನು ಮಾತ್ರ ಒರೆಸಿ, ಕೆನ್ನೆಯದು ಇರಲಿ. ಆ ಹೊಳಪಿಗೆ ಪಕ್ಕದ ಬೆಳಕು ತಾಗಿದಾಗ ಬರುವ ಅಂದಕ್ಕೆ ಯಾವ ಬಣ್ಣವೂ ಸಾಟಿಯಿಲ್ಲ. ಹಿನ್ನೆಲೆಗೆ ಕಪ್ಪು ಬಟ್ಟೆ ಬಿಟ್ಟು ಕಾವಿ ಬಣ್ಣದ್ದು, ನಟರ ಉಡುಪಿಗೆ ಅರಿಶಿನ, ಇಟ್ಟಿಗೆ ಕೆಂಪು. ಅರಿಶಿನದ ಹದ ಎಷ್ಟೆಂದು ನೀವೇ ಹುಡುಕಿಕೊಳ್ಳಿ, ನಮಗೆ ಆರು ಸೀರೆ ಹಾಳಾದವು.

ಬಾಡಿಗೆ ದೀಪಕ್ಕೆ ಪ್ರದರ್ಶನಕ್ಕೆ ಒಂಬತ್ತು ಸಾವಿರ ಕೊಡುತ್ತಿದ್ದೆವು. ಎಂಟು ಎಲ್‌ಇಡಿ ಪಾರ್ ದೀಪ ಕೊಂಡೆವು, ಒಂದಕ್ಕೆ 3,200ರಂತೆ ಹತ್ತಿರ ಹತ್ತಿರ 26 ಸಾವಿರ. ಮೂರೇ ಪ್ರದರ್ಶನದಲ್ಲಿ ತೀರಿತು. ಎಂಟೂ ಸೇರಿ ಒಂದೇ ಫೇಸ್‌ನಲ್ಲಿ ನಡೆಯುತ್ತವೆ, ಶಾಲೆಯ ಪ್ಲಗ್ ಸಾಕು. ಟೆಂಪೋಗೆ ನಾಲ್ಕು ಸಾವಿರ, ತಲೆಗೆ ಸಾವಿರದಂತೆ 14 ಜನರಿಗೆ ಸಂಭಾವನೆ. ಕುಣಿತಕ್ಕೆ ಹತ್ತು ಸಾವಿರ ಕೊಡುತ್ತಿದ್ದವರಿಂದ ನಾಟಕಕ್ಕೆ 28 ಸಾವಿರಕ್ಕಿಂತ ಕಡಿಮೆ ಒಪ್ಪುವುದಿಲ್ಲ, ಅರ್ಧ ಮುಂಗಡ.

ಈಗ ಹೆಂಗಸರ ಪುಗಡಿ ಕುಣಿತವನ್ನು ಡಮಾಮಿಯ ಬದಲು ಕಾಲಿನ ಸದ್ದಿನಲ್ಲೇ ನಡೆಸುವ ಒಂದು ದೃಶ್ಯ ಕಟ್ಟುತ್ತಿದ್ದೇವೆ. ಸಗಣಿ ಸಾರಿಸಿದ ನೆಲದಲ್ಲಿ ಸದ್ದು ಏಳಲಿಲ್ಲ. ಆರಡಿಗೆ ನಾಲ್ಕಡಿಯ ಹಲಸಿನ ಹಲಗೆ ಎರಡು ತರಿಸಿದ್ದೇವೆ, ಕೆಳಗೆ ಟೊಳ್ಳು ಬಿಡಲು ಇಟ್ಟಿಗೆ ಎಷ್ಟು ಎತ್ತರಕ್ಕೆ ಇಡಬೇಕೆಂದು ನೋಡಬೇಕು.