ಜೀವಂತ ಮೀನನ್ನಷ್ಟೇ ತಿನ್ನುತ್ತಿದ್ದ ಅರೋವಾನಕ್ಕೆ ಸಿಗಡಿ ರೂಢಿಸಿದ ಬಗೆ

ಮಡಿಕೇರಿಯ ನಮ್ಮ ಮನೆಯ ತೊಟ್ಟಿಯಲ್ಲಿರುವ ಸಿಲ್ವರ್ ಅರೋವಾನ ಎಂಬ ಬೇಟೆಗಾರ ಮೀನು ಜೀವಂತ ಗೋಲ್ಡ್‌ಫಿಶ್ ಮರಿಗಳನ್ನಲ್ಲದೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಮಳೆಗಾಲದ ಚಳಿಗೆ ಅದನ್ನೂ ಬಿಟ್ಟು ಮೂಲೆ ಹಿಡಿಯುತ್ತಿತ್ತು. ಹೊಸ ಮರಿಗಳನ್ನು ಬಿಟ್ಟ ಮೇಲೆ ಅದರ ಈಜುರೆಕ್ಕೆಗಳಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು, ಅಂದರೆ ಬಿಳಿಚುಕ್ಕೆ ರೋಗ, ಏಳುತ್ತಿದ್ದವು. ಗೋಲ್ಡ್‌ಫಿಶ್‌ನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆಯುವುದರಿಂದ, ರೋಗ ತಾರದಿದ್ದರೂ ಆ ಮೀನು ನಿತ್ಯದ ಆಹಾರಕ್ಕೆ ತಕ್ಕುದಲ್ಲ.

ಬದಲಿಗೆ ಕೊಟ್ಟ ತೇಲುವ ಮೀನಾಹಾರದ ಗುಳಿಗೆಗಳನ್ನು ಅರೋವಾನ ಉಗುಳಿತು. ಬರಿಯ ಉಪವಾಸದಿಂದಲೂ ಫಲ ಸಿಗಲಿಲ್ಲ. ನೀರಿಗೆ ಹಾಕಿದ ಸಿಗಡಿ ತಳ ಸೇರಿ ಕೊಳೆಯಿತು. ಮೇಲ್ಮೈಯಲ್ಲಿ ಬೇಟೆಯಾಡುವ ಈ ಜಾತಿ ತಳದತ್ತ ಹೊರಳುವುದು ವಿರಳ.

ಫಲ ಕೊಟ್ಟ ಕ್ರಮ ಹೀಗಿದೆ. ಮೊದಲು ಹೀಟರನ್ನು ದಿನಕ್ಕೆ ಒಂದು ಡಿಗ್ರಿಯಂತೆ ಏರಿಸಿ 28 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಬೇಕು, ಏಕೆಂದರೆ ತಣ್ಣೀರಿನಲ್ಲಿ ಹಸಿವೇ ಹುಟ್ಟುವುದಿಲ್ಲ. ಬಳಿಕ, ಮೈತುಂಬಿಕೊಂಡಿರುವ ದೊಡ್ಡ ಮೀನಾದರೆ ಮಾತ್ರ, ಮೂರು ದಿನ ಆಹಾರ ನಿಲ್ಲಿಸಬೇಕು. ಅನಂತರ ತಲೆ, ಸಿಪ್ಪೆ ತೆಗೆದ ಸಿಗಡಿಯನ್ನು ಬಾಯಿಗಿಂತ ಕಿರಿದಾಗಿ ಕತ್ತರಿಸಿ, ಬಿದಿರುಕಡ್ಡಿಯ ತುದಿಯ ಹತ್ತಿನೂಲಿಗೆ ಗಂಟಿಲ್ಲದೆ ಸಡಿಲವಾಗಿ ಸುತ್ತಿ, ಫಿಲ್ಟರಿನ ಹರಿವಿಗೆ ಎದುರಾಗಿ ನೀರಿನ ಮೇಲ್ಮೈಯಲ್ಲೇ ತಡೆತಡೆದು ಎಳೆಯಬೇಕು. ಮೀನು ಕಚ್ಚಿದೊಡನೆ ನೂಲು ಜಾರಿ ಕೈಯಲ್ಲೇ ಉಳಿಯಬೇಕು. ಅದು ಹೊಟ್ಟೆ ಸೇರಿದರೆ ಅಪಾಯ. ಹತ್ತು ನಿಮಿಷದಲ್ಲಿ ತಿನ್ನದಿದ್ದರೆ ತುಂಡನ್ನು ತೆಗೆದು ಮರುದಿನ ಸಂಜೆ ಮತ್ತೆ ಯತ್ನಿಸಬೇಕು. ಸಿಗಡಿ ರೂಢಿಯಾದ ಮೇಲೆ ಅದರ ರಸದಲ್ಲಿ ನೆನೆಸಿದ ಗುಳಿಗೆಯನ್ನು ತುಂಡಿನ ಸೀಳಿಗೆ ತುರುಕಿ ಕೊಡಬೇಕು. ಇಷ್ಟೂ ದಿನ ತೊಟ್ಟಿಯ ಮುಚ್ಚಳದ ಮೇಲೆ ಭಾರವಿರಲಿ; ಹಸಿದ ಅರೋವಾನ ಎತ್ತರಕ್ಕೆ ಜಿಗಿಯುತ್ತದೆ.